ಗಾಳಿ ಹಾಕಿದ ಕೈಗಳಿಗೆ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ತಿಂಗಳ ನಂತರ ಕಳೆದ ಶನಿವಾರ ನಮ್ಮ ಬೀದಿಯ ಭಜನೆಯಲ್ಲಿ ಹಾರ್ಮೋನಿಯಂ ಮುಂದೆ ಕೂತೆ. ಒಂದೂವರೆ ಗಂಟೆ ನುಡಿಸಿದೆ. ಅವತ್ತೇ ನಿಮಗೆಲ್ಲ ಎರಡು ಮಾತು ಹೇಳಬೇಕಿತ್ತು, ಗಂಟಲು ಕಟ್ಟಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಸ್ಟ್ರೋಕ್ ಆಗಿ ನನ್ನ ಎಡಗೈ ಸ್ವಾಧೀನ ತಪ್ಪಿತ್ತು. ಸದ್ಯ, ಬಲಗೈ ಚೆನ್ನಾಗಿದೆಯಲ್ಲ ಅಂತ ಬಂದವರು ಸಮಾಧಾನ ಹೇಳುತ್ತಿದ್ದರು. ಆದರೆ ಹಾರ್ಮೋನಿಯಂಗೆ ಗಾಳಿ ಹಾಕುವುದೇ ಎಡಗೈ. ಗಾಳಿ ಇಲ್ಲದೆ ಸ್ವರದ ಮನೆ ಒತ್ತಿದರೆ ಟಕ್ ಅನ್ನುತ್ತದೆ, ಅಷ್ಟೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಬಿಡಿ ಅಂದೆ.

ಮಗಳು ಇರುವುದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ. ಹಿಂದೊಮ್ಮೆ ಹೋಗಿದ್ದಾಗ ಸೇಂಟ್ ಪೀಟರ್ ಬೀದಿಯ ಪ್ರಿಸರ್ವೇಷನ್ ಹಾಲ್‌ಗೆ ಕರೆದುಕೊಂಡು ಹೋಗಿದ್ದಳು. 1961ರಿಂದ ಅಲ್ಲಿ ಹಳೇ ಶೈಲಿಯ ಜಾಝ್ ನುಡಿಸುತ್ತಾರೆ. ಚಿಕ್ಕ ಕೋಣೆ, ಬೆಂಚು, ನೆಲದ ಮೇಲೆ ದಿಂಬು. ನಮ್ಮ ಭಜನೆ ಮನೆಯ ಹಾಗೇ ಇದೆ ಅನ್ನಿಸಿತ್ತು.

ನಾನು ಮಲಗಿದ್ದಾಗ ಮಗಳು ಫೋನಿನಲ್ಲಿ ಆ ಹಾಲ್‌ನ ಒಬ್ಬ ಹಿರಿಯ ಹೆಂಗಸಿನ ಕಥೆ ಹೇಳಿದಳು. ಸ್ವೀಟ್ ಎಮ್ಮಾ ಬ್ಯಾರೆಟ್, ಪಿಯಾನೋ ನುಡಿಸುತ್ತಿದ್ದವರು. ಹುಟ್ಟಿದ್ದು 1897ರಲ್ಲಿ. ತಲೆಗೆ ಕೆಂಪು ಟೋಪಿ, ಕಾಲಿಗೆ ಗೆಜ್ಜೆ. ನುಡಿಸುತ್ತಾ ಕಾಲು ಕುಣಿಸಿದರೆ ಗೆಜ್ಜೆಯೂ ತಾಳ ಹಾಕುತ್ತಿತ್ತು. 1967ರಲ್ಲಿ ಅವರಿಗೂ ಸ್ಟ್ರೋಕ್ ಆಯಿತು, ಎಡಭಾಗ ಬಿದ್ದುಹೋಯಿತು. ಆಗ ಎಪ್ಪತ್ತು ವರ್ಷ. ಅವರು ಬಲಗೈಯೊಂದರಲ್ಲೇ ನುಡಿಸಿದರು. 1983ರಲ್ಲಿ ತೀರಿಕೊಳ್ಳುವವರೆಗೂ ನುಡಿಸುವುದನ್ನು ಬಿಡಲಿಲ್ಲ. ಬ್ಯಾಂಡ್ ಅಂದಮೇಲೆ ಪಕ್ಕದಲ್ಲಿ ಬಾಸ್ ಅನ್ನುವ ದಪ್ಪ ದನಿಯ ತಂತಿವಾದ್ಯ ಇರುತ್ತದೆ, ಡ್ರಮ್ ಇರುತ್ತದೆ. ಒಂದು ಕೈ ಇಲ್ಲದಿದ್ದರೆ ಪಕ್ಕದವರು ಇದ್ದಾರೆ, ಅಲ್ವಾ?

ಆಮೇಲೆ ದಿನಾ ಒಬ್ಬೊಬ್ಬರ ಬಗ್ಗೆ ಕೇಳಿದೆ. ಕ್ಲಾರಿನೆಟ್‌ನ ಜಾರ್ಜ್ ಲೂಯಿಸ್ ಬಂದರಿನಲ್ಲಿ ಹಡಗಿನ ಸರಕು ಹೊರುತ್ತಿದ್ದವರು. 1944ರಲ್ಲಿ ಅಲ್ಲೇ ಅಪಘಾತವಾಗಿ ಎದೆಗೆ ಪೆಟ್ಟು ಬಿತ್ತು. ಊದುವವನಿಗೆ ಎದೆಯೇ ಎಲ್ಲ. ಮನೆಯಲ್ಲಿ ಚೇತರಿಸಿಕೊಳ್ಳುತ್ತಿರುವಾಗಲೇ, ಸ್ನೇಹಿತರ ಬ್ಯಾಂಜೋ, ಬಾಸ್ ಜೊತೆ ಅವರು ನುಡಿಸಿದ ಬ್ಲೂಸ್, ಅಂದರೆ ನೋವು ತುಂಬಿದ ನಿಧಾನದ ಧಾಟಿ, ಅವರ ಹೆಸರಿನ ಜೊತೆ ಉಳಿದುಕೊಂಡಿತು. ಅದನ್ನು ಎಷ್ಟು ಸಲ ಕೇಳಿದ್ದೇನೋ! ಟ್ರಂಪೆಟ್‌ನ ಡೀ ಡೀ ಪಿಯರ್ಸ್ ಗಾರೆ ಕೆಲಸದವರು, ಇಟ್ಟಿಗೆ ಕಟ್ಟುತ್ತಿದ್ದರು. ಗ್ಲಾಕೋಮಾದಿಂದ ಕಣ್ಣು ಹೋಯಿತು. ಮತ್ತೆ ಟ್ರಂಪೆಟ್ ಎತ್ತಿಕೊಂಡಾಗ ಪಿಯಾನೋದಲ್ಲಿ ಹೆಂಡತಿ ಬಿಲ್ಲಿ ಇದ್ದರು. ಪರ್ಸಿ ಹಂಫ್ರಿ ಇನ್ಶೂರೆನ್ಸ್ ಏಜೆಂಟ್. ಎಲ್ಲರೂ ದುಡಿದು ತಿನ್ನುವ ಜನ. ನಮ್ಮ ಗುಂಪಿನ ತಬಲಾದವರು ಹಗಲು ಹೊಲಿಗೆ ಅಂಗಡಿಯಲ್ಲಿರುವ ಹಾಗೆ.

ಅದಾದ ಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಸಿ ಅಂತ ನಾನೇ ಕೇಳಿದೆ.

ಇಳಿಸಿದ್ದು ನಮ್ಮ ಯಜಮಾನರು. ಈ ಹದಿನಾಲ್ಕು ತಿಂಗಳು ನನ್ನ ಜಡೆ ಹಾಕಿದ್ದೂ ಅವರೇ. ಅವರಿಗೆ ಥ್ಯಾಂಕ್ಸ್ ಅಂದರೆ ಕಡಿಮೆ. ಮಳೆಯಲ್ಲೂ ತಪ್ಪಿಸದೆ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದ ಫಿಸಿಯೋಥೆರಪಿಯ ಹುಡುಗಿಗೆ, ನಿನ್ನ ತಾಳ್ಮೆ ದೊಡ್ಡದಮ್ಮ. ಭಜನೆ ಗುಂಪಿನವರಿಗೆ, ನನ್ನ ಜಾಗಕ್ಕೆ ಬೇರೆಯವರನ್ನು ಕೂರಿಸದೆ ಇಷ್ಟು ದಿನ ಬರೀ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಹಾಡಿದ್ದೀರಿ. ಅದನ್ನು ನಾನು ಮರೆಯುವುದಿಲ್ಲ.

ಇನ್ನು ಪಕ್ಕದ ಮನೆ ಪುಟ್ಟಿ. ಆರನೇ ಕ್ಲಾಸು. ಶನಿವಾರ ನನ್ನ ಎಡಕ್ಕೆ ಕೂತು ಗಾಳಿ ಹಾಕಿದವಳು ಅವಳು. ಮೊದಮೊದಲು ಜೋರಾಗಿ ಹಾಕುತ್ತಿದ್ದಳು, ಸ್ವರ ಕಿರುಚುತ್ತಿತ್ತು. ಮೂರು ತಿಂಗಳು ಸಂಜೆ ಆಟ ಬಿಟ್ಟು ಬಂದು ಕಲಿತಳು. ಈಗ ನಾನು ಉಸಿರು ತೆಗೆದುಕೊಳ್ಳುವುದನ್ನು ನೋಡಿಯೇ ನಿಧಾನ ಮಾಡುತ್ತಾಳೆ.

ಪುಟ್ಟಿ, ಈ ಶನಿವಾರವೂ ಆರು ಗಂಟೆಗೇ ಭಜನೆ. ನನ್ನ ಎಡಗಡೆ ಜಾಗ ನಿನ್ನದೇ.