ಸಮುದ್ರ ಉಳಿಸುವ ಒಕ್ಕೂಟ: ಎಲ್ಲ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಒಕ್ಕೂಟಕ್ಕೆ ಯಾರನ್ನೆಲ್ಲ ಸೇರಿಸಿಕೊಳ್ಳಬೇಕು ಅಂತ ತುಂಬಾ ಜನ ಕೇಳುತ್ತಿದ್ದೀರಿ. ನನ್ನ ಪ್ರಕಾರ ಮೊದಲು ಮೀನುಗಾರರೇ ಬರಬೇಕು. ಬಲೆಯ ಕಣ್ಣು ಸಣ್ಣದಾದರೆ ಒಮ್ಮೆಯೂ ಮೊಟ್ಟೆಯಿಡದ ಬೆರಳುದ್ದದ ಮರಿಗಳು ರಾಶಿರಾಶಿಯಾಗಿ ಮೇಲೆ ಬರುತ್ತವೆ. ಅದನ್ನು ಕಣ್ಣಾರೆ ನೋಡುವವರು ಅವರು. ಮೀನು ಖಾಲಿಯಾದರೆ ಹೊಟ್ಟೆಗೆ ಪೆಟ್ಟು ಬೀಳುವುದೂ ಅವರಿಗೇ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1992ರಲ್ಲಿ ಕಾಡ್ ಎಂಬ ಮೀನು ಹಿಡಿಯುವುದನ್ನು ನಿಲ್ಲಿಸಿದಾಗ ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಅಂಥವರನ್ನು ಹೊರಗಿಟ್ಟು ಸುಮ್ನೆ ಘೋಷಣೆ ಕೂಗಿದರೆ ಏನು ಬಂತು?

ವಿಜ್ಞಾನಿಗಳು, ಮೀನು ವ್ಯಾಪಾರಿಗಳೂ ಬೇಕು.

ಇನ್ನೊಂದು ಮಾತು. ತಾಳ್ಮೆ ಜಾಸ್ತಿ ಬೇಕು. ಅಂಟಾರ್ಕ್ಟಿಕಾದ ರಾಸ್ ಸಮುದ್ರವನ್ನು ಕಾಪಾಡಲು 24 ದೇಶಗಳೂ ಐರೋಪ್ಯ ಒಕ್ಕೂಟವೂ ಒಪ್ಪಬೇಕಿತ್ತು. ಒಬ್ಬರು ಬೇಡ ಅಂದರೂ ಮುಗಿಯಿತು. ವರ್ಷಗಟ್ಟಲೆ ಮಾತುಕತೆ ನಡೆದು 2016ರಲ್ಲಿ ತೀರ್ಮಾನವಾಯಿತು, ಅದೂ 35 ವರ್ಷದ ಮಟ್ಟಿಗೆ. ಕೊಡು-ಕೊಳ್ಳು ಇಲ್ಲದೆ ಅಷ್ಟೂ ಸಿಗುತ್ತಿರಲಿಲ್ಲ. ಹಾಗಾಗಿ ನಮ್ಮ ಬೇಡಿಕೆಗಳಲ್ಲಿ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಖಂಡಿತ ಬಿಡಬಾರದು ಅಂತ ಮೊದಲೇ ಮಾತಾಡಿಕೊಳ್ಳೋಣ, ಅಲ್ವಾ? ಮರಿ ಮೀನು ಹಿಡಿಯುವುದನ್ನು ನಿಲ್ಲಿಸುವ ವಿಷಯದಲ್ಲಿ ನಾನಂತೂ ಬಗ್ಗುವುದಿಲ್ಲ.

ಮುಂದಿನ ಸಭೆಗೆ ಬರುವಾಗ ನಿಮ್ಮ ಪರಿಚಯದ ಒಬ್ಬ ಮೀನುಗಾರರನ್ನಾದರೂ ಕರೆತನ್ನಿ. ಯಾರು ಬರುತ್ತಾರೆ ಅಂತ ಇಲ್ಲೇ ತಿಳಿಸಿ.