ಮನೆಗೆ ಕಳಿಸಿದ ಮೇಲೆ

ತೀರ್ಥಹಳ್ಳಿ, ಗುರುವಾರ

ಪುಟ್ಟೀ, ಆಶೀರ್ವಾದ.

ಕಾಗದ ಬಂತು. ಮನೆ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ನಾನು ಬರೆಯುವುದಿಲ್ಲ. ನಾಲ್ಕು ಹಾಳೆಯಲ್ಲಿ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿತು. 'ಡೆಂಗಿ ನೆಗೆಟಿವ್ ಅಂತ ನಾನು ಮಾತ್ರೆ ಕೊಟ್ಟು ಮನೆಗೆ ಕಳಿಸಿದ ರೋಗಿಗಳ ಮುಖ ರಾತ್ರಿ ಕಣ್ಣ ಮುಂದೆ ಬರುತ್ತೆ ದೊಡ್ಡಪ್ಪ, ಅವರಲ್ಲಿ ಯಾರಾದರೂ ಹೋಗಿಬಿಟ್ಟರೆ?'

ಹೆದರಬೇಡ ಅಂತ ಬರೆಯೋಣ ಎಂದು ಕೂತೆ. ಪೆನ್ನು ಓಡಲಿಲ್ಲ. ನಾನು ಹಾಗೆ ಕಳಿಸಿದವನೊಬ್ಬ ಹೋಗಿದ್ದಾನೆ.

ನಿನ್ನ ದೊಡ್ಡಮ್ಮನಿಗೂ ಇದನ್ನು ಪೂರ್ತಿ ಹೇಳಿಲ್ಲ. 1986ರ ಆಷಾಢ. ಅಡಿಕೆ ತೋಟದ ಕೆಲಸದವನು, ಮೂವತ್ತು ದಾಟಿರಲಿಲ್ಲ. ಐದು ದಿನದ ಜ್ವರ, ಕಣ್ಣು ಕೆಂಪು. 'ಮೀನಖಂಡ ಮುಟ್ಟಿದರೆ ಜೀವ ಹೋಗುತ್ತೆ ಡಾಕ್ಟ್ರೇ' ಅಂದ. ದಿನವಿಡೀ ಕೆಸರಿನಲ್ಲಿ ನಿಲ್ಲೋನಿಗೆ ಕಾಲು ನೋಯದೆ ಇರುತ್ತಾ ಅಂತ ನಕ್ಕೆ ನಾನು. ಟೈಫಾಯ್ಡ್ ನೋಡುವ ವಿಡಾಲ್ ರಕ್ತಪರೀಕ್ಷೆ ಮಾಡಿಸಿದೆ, ಪಾಸಿಟಿವ್ ಬಂತು. ನಮ್ಮ ಕಡೆ ಎಷ್ಟೋ ಜನಕ್ಕೆ ಅದು ಸುಮ್ನೆ ಪಾಸಿಟಿವ್ ಬರುತ್ತೆ. ಅದು ಗೊತ್ತಿದ್ದೂ ಚೀಟಿಯಲ್ಲಿ ಟೈಫಾಯ್ಡ್ ಅಂತ ಬರೆದು ಕಳಿಸಿದೆ. ನಾಲ್ಕನೇ ದಿನ ಜೀಪಿನಲ್ಲಿ ಹೊತ್ತು ತಂದರು. ಕಣ್ಣು ಹಳದಿಯಾಗಿತ್ತು, ಮೂತ್ರ ನಿಂತು ಎರಡು ದಿನ. ಇಲಿ ಮೂತ್ರ ಬೆರೆತ ನೀರು, ಕೆಸರಿನಿಂದ ಬರುವ ಇಲಿಜ್ವರ ಅಂತ ಆಗ ಹೊಳೆಯಿತು. ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಆಗುಂಬೆ ಘಾಟಿ ಇಳಿಯುವುದರೊಳಗೆ ಹೋದ. ಅದಕ್ಕೆ ಕೊಡಬೇಕಿದ್ದ ಪೆನಿಸಿಲಿನ್ ನನ್ನ ಬೀರುವಿನಲ್ಲೇ ಇತ್ತು.

ಅದಕ್ಕೇ ನಿನ್ನ ಹೆದರಿಕೆಗೆ ನಾನು ಏನು ಸಮಾಧಾನ ಹೇಳಲಿ? ಒಂದು ಮಾತು ಕೇಳಬಹುದು. ಎಷ್ಟನೇ ದಿನದ ಜ್ವರಕ್ಕೆ ರಕ್ತ ತೆಗೆದೆ ಅಂತ ನೀನು ಬರೆದೇ ಇಲ್ಲ. ಎನ್‌ಎಸ್‌1, ಅಂದರೆ ರಕ್ತದಲ್ಲಿ ಡೆಂಗಿ ವೈರಸ್ಸಿನದೇ ಅಂಶ, ಮೊದಲ ನಾಲ್ಕೈದು ದಿನ ಸಿಗುತ್ತೆ, ಆಮೇಲೆ ಕಡಿಮೆಯಾಗುತ್ತೆ. ರೋಗದ ವಿರುದ್ಧ ಮೈ ತಯಾರಿಸುವ ಪ್ರತಿಕಾಯ ಐಜಿಎಂ ಐದು ದಿನಕ್ಕೆ ಮೊದಲು ನೋಡಿದರೆ ಎಷ್ಟೋ ಸಲ ಏನೂ ಕಾಣಲ್ಲ. ಇಲಿಜ್ವರದ ಐಜಿಎಂ ಕೂಡ ಹಾಗೇ. ಇದೆಲ್ಲ ನೀನು ನನಗಿಂತ ಚೆನ್ನಾಗಿ ಓದಿದ್ದೀಯ. ಆದರೂ ನೆಗೆಟಿವ್ ಅಂತ ಬರೆಯುವಾಗ ಪಕ್ಕದಲ್ಲಿ ದಿನವನ್ನೂ ಬರಿ.

ಪ್ಲೇಟ್‌ಲೆಟ್ ಇಳಿದರೆ ಈಗ ಎಲ್ಲರೂ ಡೆಂಗಿ ಅಂತಾರೆ. ಇಲಿಜ್ವರದಲ್ಲೂ ಇಳಿಯುತ್ತೆ, ನುಸಿಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ, ಮಂಗನ ಕಾಯಿಲೆಯಲ್ಲೂ. ಬಿಳಿ ರಕ್ತಕಣ ನೋಡು. ಡೆಂಗಿ, ಮಂಗನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಡಿಮೆ, ಇಲಿಜ್ವರದಲ್ಲಿ ಬಹಳ ಸಲ ಜಾಸ್ತಿ. ಇದನ್ನೂ ಪೂರ್ತಿ ನಂಬಬೇಡ. ಆದರೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರಿದ್ದರೆ ಮನೆಗೆ ಕಳಿಸಲೇಬೇಡ.

ಇನ್ನೊಂದು, ಬಟ್ಟೆ ಸರಿಸಿ ಮೈ ನೋಡು. ಕಂಕುಳು, ತೊಡೆಸಂದು, ಸೊಂಟದ ಪಟ್ಟಿ ಕೂರುವ ಜಾಗ. ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇದ್ದರೆ ಸ್ಕ್ರಬ್ ಟೈಫಸ್ ಅಂತಲೇ ತಿಳಿದು, ರಿಪೋರ್ಟಿಗೆ ಕಾಯದೆ ಡಾಕ್ಸಿಸೈಕ್ಲಿನ್ ಶುರು ಮಾಡು. ಅದು ಇಲ್ಲ ಅಂತ ಕಾಯಿಲೆ ಇಲ್ಲ ಅಂದುಕೊಳ್ಳಬೇಡ. ಹೆಂಗಸರು ನನಗೆ ಯಾವತ್ತೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ನಿನಗೆ ತೋರಿಸುತ್ತಾರೆ. ನಾನು ಎಷ್ಟು ಜನರದ್ದು ನೋಡದೆ ಬಿಟ್ಟೆನೋ.

ದೀಪಾವಳಿ ಕಳೆದ ಮೇಲೆ ನಿನ್ನ ಕಡೆ ಮಂಗನ ಕಾಯಿಲೆಯ ಕಾಲ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲೇ ಅಲ್ವಾ ಅದು 1957ರಲ್ಲಿ ಸಿಕ್ಕಿದ್ದು. ತರಗೆಲೆ ತರಲು ಕಾಡಿಗೆ ಹೋಗಿದ್ರಾ, ಮಂಗ ಸತ್ತು ಬಿದ್ದಿತ್ತಾ, ಉಣುಗು ಕಚ್ಚಿತ್ತಾ ಅಂತ ಕೇಳು. ಮೊದಲ ದಿನಗಳಲ್ಲೇ ವೈರಸ್ ಹುಡುಕುವ ಪಿಸಿಆರ್‌ಗೆ ರಕ್ತ ಕಳಿಸು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತೆ, ತಲೆನೋವು, ಕೈನಡುಕದ ಜೊತೆ. ವಾಸಿಯಾಯ್ತು ಅಂತ ಮನೆಗೆ ಹೋದವರೇ ಅವರು.

ನೋಡು, ಮತ್ತೆ ಅಲ್ಲಿಗೇ ಬಂದೆ. ಕಳಿಸಿದವರು. ಆ ತೋಟದ ಕೆಲಸದವನ ಮನೆ ಆಸ್ಪತ್ರೆಯಿಂದ ಮೂರೇ ಮೈಲಿ. ಮಾರನೇ ದಿನ ಯಾರನ್ನಾದರೂ ಕಳಿಸಿ ಮೂತ್ರ ಹೋಗ್ತಿದೆಯಾ ಅಂತ ಕೇಳಿಸಬಹುದಿತ್ತು. ನಿನಗೆ ಆಶಾ ಕಾರ್ಯಕರ್ತೆಯರಿದ್ದಾರೆ, ಫೋನಿದೆ. ರಾತ್ರಿ ಯಾರ ಮುಖ ಬರುತ್ತೋ ಬೆಳಿಗ್ಗೆ ಅವರ ಮನೆಗೆ ಫೋನ್ ಮಾಡಿಸು. ಇದಕ್ಕಿಂತ ದೊಡ್ಡ ಉಪಾಯ ನನ್ನ ಹತ್ತಿರ ಇಲ್ಲ ಪುಟ್ಟಿ.

ತಿಂಗಳ ಮೇಲೆ ಅವನ ಹೆಂಡತಿ ಬಂದಿದ್ದಳು. ಬೈಯಲಿಲ್ಲ. ಯಾವುದೋ ಅರ್ಜಿಗೆ ಬೇಕು ಅಂತ ಆ ಚೀಟಿ ಹಿಡಿದು, ಇದರಲ್ಲಿ ಏನು ಬರೆದಿದೆ ಓದಿ ಅಂದಳು. ಓದಿದೆ.

ನಿನ್ನ ಕಾಗದದ ಕೊನೆಯಲ್ಲಿ ಒಬ್ಬ ಹುಡುಗನ ಮಾತಿದೆಯಲ್ಲ, ಗದ್ದೆ ಕೆಲಸದವನು, ಸೋಮವಾರ ಕಳಿಸಿದ್ದು. ಅವನು ಹೇಗಿದ್ದಾನೆ? ಕಾಗದ ಬೇಡ, ಫೋನ್ ಮಾಡು.

ನಿನ್ನ ದೊಡ್ಡಪ್ಪ