ವೀರಗಲ್ಲಿನಲ್ಲಿ ಇಲ್ಲದ ಮನೆ

ನವೆಂಬರ್ ಸಂಚಿಕೆ ಎಂದರೆ ರಾಜ್ಯೋತ್ಸವ, ಬಾವುಟ, ಮಕ್ಕಳ ಡೊಳ್ಳು ಕುಣಿತ. ಅದೆಲ್ಲ ಒಳಪುಟಗಳಲ್ಲಿದೆ. ಆದರೆ ನಾವಿರುವ ಈ ಬ್ರಿಟನ್ನಿನಲ್ಲಿ ಇದೇ ತಿಂಗಳ 11ಕ್ಕೆ ಯುದ್ಧದಲ್ಲಿ ಮಡಿದವರ ಸ್ಮರಣೆಯೂ ಬರುತ್ತದೆ. ಕೋಟಿನ ಮೇಲೆ ಕೆಂಪು ಗಸಗಸೆ ಹೂವು, ಸಣ್ಣ ಹಳ್ಳಿಯ ಚರ್ಚಿನ ಮುಂದೂ ಹೆಸರು ಕೆತ್ತಿದ ಕಲ್ಲು. (ಆ ಹೂವಿನಲ್ಲಿ ನಮ್ಮವರ ಪಾಲೂ ಇದೆ: ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಏರಿ ಕಾದಿದವರಲ್ಲಿ ಮೈಸೂರು ಸಂಸ್ಥಾನದ ದಂಡಾದ ಮೈಸೂರು ಲ್ಯಾನ್ಸರ್ಸ್ ಇದ್ದರು.) ‘ನಮ್ಮಲ್ಲಿ ಇಂಥದ್ದೆಲ್ಲ ಎಲ್ಲಿದೆ ಹೇಳಿ’ ಎಂದು ನಮ್ಮವರೇ ಕೆಲವರು ಅನ್ನುತ್ತಾರೆ. ಶಿಕಾರಿಪುರ, ಸೊರಬದ ಕಡೆಯವರಂತೂ ಹಾಗೆ ಅನ್ನಬಾರದು.

ಅಲ್ಲಿ ಕೆರೆ ಏರಿಯ ಮೇಲೆ, ಈಶ್ವರನ ಗುಡಿಯ ಹಿಂದೆ, ಗದ್ದೆ ಬದುವಿನಲ್ಲಿ, ಕಾದಿ ಸತ್ತವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು. ಶಾಸನತಜ್ಞ ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯೊಂದರ ಶಾಸನಗಳಿಗೇ 1902 ಮತ್ತು 1904ರಲ್ಲಿ ಎರಡು ಸಂಪುಟ ತರಬೇಕಾಯಿತು. ಅವುಗಳಲ್ಲಿ ಪುಟ ತಿರುವಿದಲ್ಲೆಲ್ಲ ಯಾರೋ ಒಬ್ಬ ಕಾದಿ ಸತ್ತಿರುತ್ತಾನೆ. ಎಲ್ಲರೂ ರಾಜನ ದಂಡಿನಲ್ಲಿ ಸತ್ತವರೇನಲ್ಲ. ಊರ ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ, ದನ ಬಿಡಿಸಿ, ತಾವು ಬಿದ್ದವರು ಬಹಳ ಮಂದಿ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ ಎಂಬ ಸಂಸ್ಕೃತ ಶ್ಲೋಕವನ್ನು ಎಷ್ಟೋ ಕಲ್ಲುಗಳ ಮೇಲೆ ಕೊರೆದಿದ್ದಾರೆ.

ಶ್ಲೋಕ ಕಟ್ಟಿದವನಿಗೆ ಮಗನನ್ನು ದಂಡಿಗೆ ಕಳಿಸಿ ಗೊತ್ತಿರಲಿಲ್ಲ, ಬಿಡಿ. ಮೂರು ಪಟ್ಟಿಕೆಗಳಲ್ಲಿ ಸ್ವರ್ಗಕ್ಕೆ ಜಾಗವಿದೆ, ಅವನ ಮನೆಗಿಲ್ಲ. ತಾಯಿ ಎಲ್ಲೂ ಇಲ್ಲ. ಹೆಂಡತಿ ಬರುವುದಿದ್ದರೆ ಪಕ್ಕದಲ್ಲಿ ಸತಿ ಹೋದವಳಿಗೆ ನಿಲ್ಲಿಸಿದ ಮಾಸ್ತಿಗಲ್ಲಿನಲ್ಲಿ, ಅದೂ ಬಳೆ ತೊಟ್ಟ ಒಂದು ಕೈಯಾಗಿ.

ನಮ್ಮ ದೊಡ್ಡಮ್ಮನ ಮಗ ಹೋದದ್ದು 1971ರ ಡಿಸೆಂಬರಿನ ಯುದ್ಧದಲ್ಲಿ. ಮೊದಲು ತಂತಿ ಬಂತು, ಎಷ್ಟೋ ದಿನದ ಮೇಲೆ ಅವನ ಕಪ್ಪು ಟ್ರಂಕು. ರಣರಂಗದಿಂದ ಹೆಣವನ್ನು ಊರಿಗೆ ಕಳಿಸುವುದು ರೂಢಿಗೆ ಬಂದದ್ದು 1999ರ ಕಾರ್ಗಿಲ್ಲಿನ ಹೊತ್ತಿಗೆ. ಪಿತೃಪಕ್ಷದಲ್ಲಿ ಶಸ್ತ್ರದಿಂದ ಸತ್ತವರಿಗೆಂದೇ ಘಾತ ಚತುರ್ದಶಿ ಇದೆ, ಅವತ್ತು ಶ್ರಾದ್ಧ ಮಾಡಿ ಎಂದರು ಪುರೋಹಿತರು. ದೊಡ್ಡಮ್ಮ ಒಪ್ಪಲಿಲ್ಲ. ‘ನಾನು ಮುಖ ನೋಡಿಲ್ಲ ಭಟ್ರೇ, ಪಿಂಡ ಯಾರಿಗೆ ಇಡ್ತೀರಿ?’ ಟ್ರಂಕಿನಲ್ಲಿದ್ದ ಸ್ವೆಟರನ್ನು ಮಳೆಗಾಲ ಮುಗಿದ ಮೇಲೆ ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ಹಾಕುತ್ತಿದ್ದಳು. ಮಲೆನಾಡಲ್ಲವೇ, ಬೂಷ್ಟು ಹಿಡಿಯುತ್ತದೆ. ನಮಗೆ ಮಕ್ಕಳಿಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅವಳ ಎದುರು ಯಾರಾದರೂ ‘ವೀರಮಾತೆ’ ಅಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಹಳಬರು ನಮಗಿಂತ ಮೇಲು. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಡುತ್ತಿದ್ದರು, ಕಲ್ಲಿನ ಮೇಲೇ ಬರೆಸುತ್ತಿದ್ದರು. ಕೊಟ್ಟ ದತ್ತಿಗೆ ಆಸೆಪಟ್ಟು ಕೈಹಾಕಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ಎಂಬ ಶಾಪವನ್ನೂ ಶಾಸನಗಳಲ್ಲಿ ಹಾಕುತ್ತಿದ್ದರು. ಈಗ ಸರ್ಕಲ್ಲಿನಲ್ಲಿ ಫ್ಲೆಕ್ಸು ಒಂದು ವಾರ. ಆಮೇಲೆ ಜಮೀನಿನ ಫೈಲು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವಳು ಹೆಂಡತಿಯೊಬ್ಬಳೇ. ಆ ಶಾಪದ ಪದ್ಧತಿಯನ್ನಾದರೂ ಉಳಿಸಿಕೊಳ್ಳಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಡಿಸೆಂಬರ್ ರಜೆಗೆ ಊರಿಗೆ ಹೋಗುವವರಲ್ಲಿ ಎರಡು ಕೋರಿಕೆ. ನಿಮ್ಮೂರಿನ ವೀರಗಲ್ಲಿನ ಫೋಟೊ ಕಳಿಸಿ. ಪಕ್ಕದಲ್ಲಿ ನೀವು ನಿಲ್ಲುವುದು ಬೇಡ, ಅಕ್ಷರ ಕಾಣಲೆಂದು ಸುಣ್ಣ ಬಳಿಯುವುದೂ ಬೇಡ. ಹಾಗೆಯೇ ಊರಲ್ಲಿ ಸೈನಿಕನನ್ನು ಕಳೆದುಕೊಂಡ ಮನೆಯಿದ್ದರೆ ಹೋಗಿ ಸ್ವಲ್ಪ ಹೊತ್ತು ಕೂತು, ಅವರ ಫೈಲು ಯಾವ ಮೇಜಿನ ಮೇಲೆ ನಿಂತಿದೆ ಎಂದು ಕೇಳಿ ಬರೆದುಕೊಂಡು ಬನ್ನಿ. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿ ಮಕ್ಕಳ ಮನೆಗೆ ಬಂದಿರುವ ಹಿರಿಯರಿಬ್ಬರು ನಮ್ಮ ಸಂಘದಲ್ಲಿದ್ದಾರೆ. ಅರ್ಜಿ ಬರೆದುಕೊಡಲು ಒಪ್ಪಿದ್ದಾರೆ.